ಹಾಡು, ಚಿತ್ರ ಮತ್ತು ಚರಿತ್ರೆಯ ಸತ್ಯ

ಮಕ್ಕಳಿಗೆ ಇತಿಹಾಸ ಕಲಿಸುವುದೆಂದರೆ ರಾಜರನ್ನೂ ಯುದ್ಧಗಳನ್ನೂ ಇಸವಿಗಳನ್ನೂ ಕಲಿಸುವುದೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಚಿತ್ರಕಲೆ, ಸಂಗೀತಗಳಿಗೆ ಬೇರೊಂದು ಮೂಲೆ. ಸಮಯ ಮಿಕ್ಕರೆ ಕಲಿಯಬಹುದಾದ, ಪರೀಕ್ಷೆ ಸಮೀಪಿಸಿದಾಗ ಮೊದಲು ಕೈಬಿಡಬಹುದಾದ ವಿಷಯಗಳೆಂದು ಅವುಗಳನ್ನು ಎಣಿಸುವುದೇ ವಾಡಿಕೆ. ಆದರೆ ಮಕ್ಕಳನ್ನು ಮನೆಯಲ್ಲಿಯೇ ಓದಿಸುವ ಕುಟುಂಬಗಳಲ್ಲಿ ಹಲವು ಈ ಅಡ್ಡಗೋಡೆಯನ್ನು ಕೆಡವಿವೆ. ಯಾವ ಕಾಲದ ಇತಿಹಾಸವನ್ನು ಓದುತ್ತಾರೋ ಆ ಕಾಲದ ಚಿತ್ರಗಳನ್ನು ಅವರು ನೋಡುತ್ತಾರೆ, ಆ ಕಾಲದ ಸಂಗೀತವನ್ನು ಕೇಳುತ್ತಾರೆ.

ಈ ಪದ್ಧತಿಗೆ ಬುನಾದಿ ಹಾಕಿದವರಲ್ಲಿ ಇಂಗ್ಲೆಂಡಿನ ಶಿಕ್ಷಣತಜ್ಞೆ ಶಾರ್ಲಟ್ ಮೇಸನ್ (1842–1923) ಪ್ರಮುಖರು. ಮನೆಯ ಶಿಕ್ಷಣವನ್ನು ಕುರಿತ ಅವರ ಗ್ರಂಥ 1886ರಲ್ಲಿ ಪ್ರಕಟವಾಯಿತು. ಅವರ ವಿಧಾನ ಸರಳವಾದುದು. ಮಗುವಿನ ಮುಂದೆ ಒಂದು ಒಳ್ಳೆಯ ಚಿತ್ರವನ್ನಿಡಬೇಕು. ಮಗು ಅದನ್ನು ಕೆಲವು ನಿಮಿಷ ಮೌನವಾಗಿ ನೋಡಬೇಕು. ಬಳಿಕ ಚಿತ್ರವನ್ನು ಮಗುಚಿಟ್ಟು, ತಾನು ಕಂಡುದನ್ನು ತನ್ನದೇ ಮಾತಿನಲ್ಲಿ ಹೇಳಬೇಕು. ಹಿರಿಯರ ಉಪನ್ಯಾಸಕ್ಕೆ ಅಲ್ಲಿ ಮೊದಲ ಸ್ಥಾನವಿಲ್ಲ. ಮಗುವಿನ ಗಮನಕ್ಕೇ ಮೊದಲ ಸ್ಥಾನ.

ಇದರಿಂದ ಇತಿಹಾಸಕ್ಕೆ ಏನು ಲಾಭ? ನಮ್ಮ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನೇ ನೋಡೋಣ. ಇಟಲಿಯಿಂದ ಬಂದ ಯೇಸುಸಭೆಯ ಸಹೋದರ ಆಂಟೋನಿಯೊ ಮೊಸ್ಕೇನಿಯವರು 19ನೆಯ ಶತಮಾನವು ಮುಗಿದು 20ನೆಯದು ಹುಟ್ಟುತ್ತಿದ್ದ ಆ ವರ್ಷಗಳಲ್ಲಿ ಅದರ ಗೋಡೆಗಳನ್ನೂ ಮಾಡನ್ನೂ ವರ್ಣಚಿತ್ರಗಳಿಂದ ತುಂಬಿದರು. ಸಂತ ಅಲೋಶಿಯಸರು ರೋಮಿನಲ್ಲಿ ಪ್ಲೇಗು ಪೀಡಿತರ ಸೇವೆ ಮಾಡುತ್ತಿರುವ ದೃಶ್ಯವೂ ಅಲ್ಲಿದೆ. ಪ್ರಭುಮನೆತನದ ಹಿರಿಯ ಮಗನಾಗಿದ್ದ ಅವರು ತಮ್ಮ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಸಂನ್ಯಾಸ ಹಿಡಿದವರು. ರೋಗಿಗಳನ್ನು ಎತ್ತಿ ಆರೈಕೆ ಮಾಡುತ್ತ ತಾವೂ ರೋಗಕ್ಕೆ ತುತ್ತಾಗಿ 1591ರಲ್ಲಿ, ಕೇವಲ 23ನೆಯ ವಯಸ್ಸಿನಲ್ಲಿ, ತೀರಿಕೊಂಡವರು.

ಚಿತ್ರವನ್ನು ನೋಡಿದ ಮಗು 'ಪ್ಲೇಗು ಎಂದರೇನು?' ಎಂದು ಕೇಳದಿರದು. ಇತಿಹಾಸದ ಪಾಠ ಆರಂಭವಾಗುವುದು ಆಗಲೇ. ಈ ಚಿತ್ರಗಳು ಮೂಡುವುದಕ್ಕೆ ತುಸು ಮೊದಲು, 1896ರಲ್ಲಿ, ಪ್ಲೇಗು ಮುಂಬಯಿಗೆ ಕಾಲಿಟ್ಟಿತ್ತು. 1898ರಲ್ಲಿ ಬೆಂಗಳೂರನ್ನೂ ಮುಟ್ಟಿತ್ತು. ಹಾಗಾದರೆ ಅಂದು ಆ ಗೋಡೆಯ ಮುಂದೆ ನಿಂತವರಿಗೆ ಅದು ದೂರದ ರೋಮಿನ ಹಳೆಯ ಕಥೆ ಮಾತ್ರವಾಗಿರಲಿಲ್ಲ. ತಮ್ಮ ನಾಡಿಗೇ ಬಂದಿದ್ದ ಸಂಕಟವಾಗಿತ್ತು. 2020ರ ಕೊರೊನಾ ದಿನಗಳನ್ನು ಕಂಡ ಮನೆಗಳಲ್ಲಿ ಈ ಚಿತ್ರವನ್ನು ಇನ್ನೂ ಆಳವಾಗಿ ಓದಬಹುದು. ಪರರ ನೋವನ್ನು ತನ್ನದಾಗಿ ಕಾಣುವ ಶಕ್ತಿ ಇಸವಿಗಳ ಪಟ್ಟಿಯೊಂದರಿಂದಲೇ ಬರುವುದಿಲ್ಲ.

ಇಲ್ಲಿಯವರೆಗೆ ದಾರಿ ಸುಗಮ. ಆದರೆ ಎಲ್ಲ ಕಲಾಕೃತಿಗಳ ಹಿಂದಿನ ಇತಿಹಾಸವೂ ಹೀಗೆ ನಿರ್ಮಲವಾಗಿರುವುದಿಲ್ಲ. ಹೆತ್ತವರನ್ನು ನಿಜವಾಗಿ ಪರೀಕ್ಷಿಸುವ ಪ್ರಶ್ನೆ ಏಳುವುದು ಅಲ್ಲಿ.

ಜಾರ್ಜ್ ಫ್ರೆಡರಿಕ್ ಹ್ಯಾಂಡೆಲ್ ತನ್ನ 'ಮೆಸ್ಸಾಯ' ಎಂಬ ಮಹಾ ಗಾನಕೃತಿಯನ್ನು 1741ರಲ್ಲಿ, ಸುಮಾರು ಮೂರೂವರೆ ವಾರಗಳಲ್ಲಿ, ರಚಿಸಿದನು. ಮರುವರ್ಷ ಡಬ್ಲಿನ್ ನಗರದಲ್ಲಿ ನಡೆದ ಅದರ ಮೊದಲ ಗಾಯನದ ಹಣ ಸಾಲಕ್ಕಾಗಿ ಸೆರೆಯಲ್ಲಿದ್ದವರ ಬಿಡುಗಡೆಗೂ ಆಸ್ಪತ್ರೆಗಳಿಗೂ ಸಂದಿತು. 1750ರಿಂದ ಲಂಡನ್ನಿನ ಅನಾಥ ಶಿಶುಗಳ ಆಶ್ರಮದ ಸಹಾಯಾರ್ಥವಾಗಿ ಅದನ್ನು ಹಾಡಿಸಿದನು. ಆ ಕೃತಿಯ ಒಂದು ಪ್ರತಿಯನ್ನು ಉಯಿಲಿನ ಮೂಲಕ ಆ ಆಶ್ರಮಕ್ಕೇ ಬಿಟ್ಟುಹೋದನು. ಇಷ್ಟು ಹೇಳಿ ನಿಲ್ಲಿಸಿದರೆ ಅದೊಂದು ಸುಂದರ ನೀತಿಕಥೆ. ಆದರೆ ಅದೇ ಹ್ಯಾಂಡೆಲನ ಹಣ 1720ರ ಸುಮಾರಿನಲ್ಲಿ ರಾಯಲ್ ಆಫ್ರಿಕನ್ ಕಂಪೆನಿಯ ಷೇರುಗಳಲ್ಲಿಯೂ ಇದ್ದಿತೆಂಬುದನ್ನು ಇತ್ತೀಚಿನ ಸಂಶೋಧಕರು ಹಳೆಯ ಲೆಕ್ಕಪುಸ್ತಕಗಳಿಂದ ತೋರಿಸಿಕೊಟ್ಟಿದ್ದಾರೆ. ಆ ಕಂಪೆನಿ ಆಫ್ರಿಕದ ಸ್ತ್ರೀಪುರುಷರನ್ನೂ ಮಕ್ಕಳನ್ನೂ ಹಡಗುಗಳಲ್ಲಿ ತುಂಬಿ ಗುಲಾಮರನ್ನಾಗಿ ಮಾರಿದ ಸಂಸ್ಥೆ.

ಇದನ್ನು ಮಗುವಿಗೆ ಹೇಳಬೇಕೆ? ಎಳೆಯ ಮನಸ್ಸನ್ನು ಕೆಡಿಸುವುದೇಕೆ, ಸಂಗೀತವನ್ನಷ್ಟೇ ಸವಿಯಲಿ ಎನ್ನುವವರಿದ್ದಾರೆ. ಇಂಥವನ ಸಂಗೀತವೇ ಬೇಡ ಎನ್ನುವವರೂ ಇದ್ದಾರೆ. ಮೊದಲನೆಯ ದಾರಿಯಲ್ಲಿ ಮಾರಾಟವಾದ ಆ ಮನುಷ್ಯರು ಎರಡನೆಯ ಬಾರಿ ಮರೆಗೆ ಸರಿಯುತ್ತಾರೆ. ಅಲ್ಲದೆ, ಮುಂದೆ ಬೇರೆಯವರಿಂದ ಸತ್ಯವನ್ನರಿತ ಮಗು, ತನ್ನ ಹಿರಿಯರು ಇನ್ನೇನನ್ನು ಮುಚ್ಚಿಟ್ಟಿದ್ದಾರೋ ಎಂದು ಶಂಕಿಸುತ್ತದೆ. ಎರಡನೆಯ ದಾರಿಯಲ್ಲಿ ಅನಾಥ ಶಿಶುಗಳಿಗೆ ಸಂದ ಅನ್ನವೂ ಸುಳ್ಳಾಗುತ್ತದೆ. ಪಾಪವಿಲ್ಲದ ಕೈಗಳಿಂದ ಮಾತ್ರ ಒಳಿತು ಹುಟ್ಟುತ್ತದೆಂಬ ಅಹಂಕಾರವನ್ನು ಮಗು ಕಲಿಯುತ್ತದೆ. ಗೋಧಿಯೂ ಕಳೆಯೂ ಒಂದೇ ಹೊಲದಲ್ಲಿ ಬೆಳೆಯುವ ಸಾಮತಿಯನ್ನು ಯೇಸುಸ್ವಾಮಿ ಹೇಳಿದರಲ್ಲವೆ? ಅವಸರದಿಂದ ಕಳೆ ಕೀಳಬಾರದೆಂದರೇ ಹೊರತು, ಕಳೆಯನ್ನು ಗೋಧಿಯೆಂದು ಕರೆಯಿರಿ ಎನ್ನಲಿಲ್ಲ.

ಆದುದರಿಂದ ಎರಡನ್ನೂ ಹೇಳಬೇಕು, ವಯಸ್ಸಿಗೆ ತಕ್ಕಂತೆ. ಏಳು ವರ್ಷದ ಮಗು ಹಾಡನ್ನು ಕೇಳಿ ಆನಂದಿಸಲಿ. ಹದಿಮೂರರ ಮಗು ಹಾಡಿನೊಡನೆ ಲೆಕ್ಕಪುಸ್ತಕದ ಕಥೆಯನ್ನೂ ಕೇಳಲಿ. 'ನಾವು ತೊಡುವ ಬಟ್ಟೆ, ನಾವು ಕೂಡಿಡುವ ಹಣ ಯಾರ ಬೆವರನ್ನು ಹೊತ್ತು ಬರುತ್ತದೆ?' ಎಂಬ ಪ್ರಶ್ನೆಯನ್ನು ಅದು ನಮಗೇ ಹಾಕಿದರೆ ಬೆದರಬೇಕಾಗಿಲ್ಲ. ಪಾಠ ಸಫಲವಾಯಿತೆಂದು ತಿಳಿಯೋಣ.

ಪಶ್ಚಾತ್ತಾಪದ ಪಾಠವೂ ಹಾಡುಗಳಲ್ಲಿ ಸಿಗುತ್ತದೆ. ಲೋಕಪ್ರಸಿದ್ಧವಾದ 'ಅಮೇಜಿಂಗ್ ಗ್ರೇಸ್' ಗೀತೆಯನ್ನು ಬರೆದ ಜಾನ್ ನ್ಯೂಟನ್ ಗುಲಾಮರ ಹಡಗಿನ ನಾಯಕನಾಗಿದ್ದವನು. 1748ರ ಬಿರುಗಾಳಿಯಲ್ಲಿ ದೇವರಿಗೆ ಮೊರೆಯಿಟ್ಟನು. ಆದರೂ 1754ರವರೆಗೆ ಅದೇ ಕಸುಬಿನಲ್ಲಿ ಮುಂದುವರಿದನು. ಆ ವ್ಯಾಪಾರವನ್ನು ಖಂಡಿಸಿ ಪುಸ್ತಿಕೆಯನ್ನು ಪ್ರಕಟಿಸಿದ್ದು 1788ರಲ್ಲಿ. ಮೊರೆಗೂ ಆ ಪುಸ್ತಿಕೆಗೂ ನಡುವೆ 40 ವರ್ಷ! ಮನಃಪರಿವರ್ತನೆ ಒಂದು ರಾತ್ರಿಯ ಕೆಲಸವಲ್ಲ, ಅದು ಬಾಳಿನುದ್ದದ ದಾರಿ ಎಂಬುದನ್ನು ಆ ಇಸವಿಗಳೇ ಹೇಳುತ್ತವೆ.

ಮಕ್ಕಳನ್ನು ಶಾಲೆಗೆ ಕಳುಹಿಸುವ ನಮಗೂ ಇದು ಸಾಧ್ಯ. ಇದಕ್ಕೆ ಹೆಚ್ಚಿನ ಹಣ ಬೇಡ, ಸಂಗೀತಜ್ಞಾನವೂ ಬೇಡ. ಭಾನುವಾರದ ಬಲಿಪೂಜೆಯ ನಂತರ ದೇವಾಲಯದ ಒಂದು ಚಿತ್ರದ ಮುಂದೆ ಹತ್ತು ನಿಮಿಷ ನಿಲ್ಲಬಹುದು. ಗಾನವೃಂದ ಹಾಡಿದ ಒಂದು ಗೀತೆಯನ್ನು ಯಾರು, ಯಾವಾಗ, ಯಾವ ಕಷ್ಟದಲ್ಲಿ ಬರೆದರೆಂದು ಮಕ್ಕಳೊಡನೆ ಕುಳಿತು ಹುಡುಕಬಹುದು. ಸೌಂದರ್ಯಕ್ಕೆ ತಲೆಬಾಗುವುದನ್ನೂ ಅನ್ಯಾಯವನ್ನು ಅನ್ಯಾಯವೆಂದು ಹೇಳುವುದನ್ನೂ ಮಕ್ಕಳು ನಮ್ಮ ಮಗ್ಗುಲಲ್ಲಿ ನಿಂತು, ಒಟ್ಟಿಗೇ ಕಲಿಯಲಿ.