ಸರಕು ಯಾರದು, ಪ್ರಾಣ ಯಾರದು?

ಬಿರುಗಾಳಿಗೆ ಸಿಕ್ಕ ನಾವಿಕನು ಹಡಗಿನ ಸರಕನ್ನು ಕಡಲಿಗೆ ಎಸೆಯುತ್ತಾನೆ. ಇದು ಬಲವಂತದ ಕಾರ್ಯವೋ, ಅವನ ಆಯ್ಕೆಯೋ? ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಮೂರನೆಯ ಭಾಗದಲ್ಲಿ ಈ ಪ್ರಶ್ನೆಯನ್ನೆತ್ತಿ, ಎರಡೂ ಬೆರೆತಿದ್ದರೂ ಇದು ಆಯ್ಕೆಯ ಕಡೆಗೇ ವಾಲುತ್ತದೆಂದನು. ಸರಕನ್ನು ಸುಮ್ಮನೆ ಎಸೆಯಲು ಯಾರೂ ಬಯಸರು, ನಿಜ. ಆದರೆ ಎತ್ತಿದ ಕೈ ನಾವಿಕನದೇ. ಹೊಣೆಯನ್ನು ಗಾಳಿಯ ತಲೆಗೆ ಕಟ್ಟುವಂತಿಲ್ಲ.

ನಮ್ಮ ಗುಂಡ್ಲುಪೇಟೆಯ ಕಡೆಯವರಿಗೆ ಇದು ದೂರದ ಕಡಲಿನ ಮಾತಲ್ಲ. ವಾಹನಗಳಿಗೆ ಸಿಕ್ಕಿ ಕಾಡುಪ್ರಾಣಿಗಳು ಸಾಯುತ್ತಿದ್ದುದರಿಂದ, ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರವನ್ನು 2009ರಲ್ಲಿ ಜಿಲ್ಲಾಡಳಿತವು ನಿಷೇಧಿಸಿತು. 2010ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ವಯನಾಡಿಗೆ ತರಕಾರಿ ಸಾಗಿಸುವವನಿಗೆ ಕೈಬಿಟ್ಟುಹೋದದ್ದು ಇಡೀ ರಾತ್ರಿ.

ಆದರೆ ಹೋಲಿಕೆ ಒಂದೆಡೆ ಕುಂಟುತ್ತದೆ. ಹಡಗಿನಲ್ಲಾದರೆ ಸರಕಿನ ಒಡೆಯನ ಪ್ರಾಣವೂ ಉಳಿಯುತ್ತದೆ. ಇಲ್ಲಿ ಉಳಿದದ್ದು ಆನೆಯ, ಜಿಂಕೆಯ ಪ್ರಾಣ. ಪ್ರಾಣಿಗಳು ತಮ್ಮಿಚ್ಛೆಯಂತೆ ನಡೆದರೂ ವಿಚಾರಮಾಡಿ ಆರಿಸಲಾರವೆಂದು ಅದೇ ಅರಿಸ್ಟಾಟಲನು ಹೇಳುತ್ತಾನೆ. ರಸ್ತೆ ದಾಟುವ ಆನೆ ಗಡಿಯಾರ ನೋಡೀತೇ? ವಿಚಾರದ ಭಾರವೆಲ್ಲ ಮನುಷ್ಯನ ಪಾಲಿಗೇ ಬೀಳುತ್ತದೆ. ಅದಕ್ಕೆಂದೇ ಈ ನಿಷೇಧವು ನ್ಯಾಯವೆಂದು ನಾನು ಒಪ್ಪುತ್ತೇನೆ. ಒಪ್ಪಿದ ಮೇಲೆ ಎಸೆದ ಕೈ ನನ್ನದೂ ಆಯಿತು. ತರಕಾರಿಯವನ ನಷ್ಟವನ್ನು ‘ಕಾಡಿಗಾಗಿ’ ಎಂಬ ಒಂದೇ ಮಾತಿನಲ್ಲಿ ತೀರಿಸಿಬಿಡಲು ನನ್ನಿಂದಾಗದು.