ಯಾವ ವರ್ಷಕ್ಕೆ ಮರಳಿಸುವುದು?

ಲಕ್ಕವಳ್ಳಿಯಲ್ಲಿ ನನ್ನ ಶಾಲಾ ದಿನಗಳ ಗೆಳೆಯರೊಬ್ಬರಿದ್ದಾರೆ. ಅವರ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ, ಒಂದು ಹಳೆಯ ಮಿಲಿಟರಿ ಜೀಪಿದೆ. ಎರಡು ವರ್ಷಗಳಿಂದ ಅವರು ಅದನ್ನು ಬಿಚ್ಚುತ್ತಾರೆ, ತುಕ್ಕು ಉಜ್ಜುತ್ತಾರೆ, ಮತ್ತೆ ಜೋಡಿಸುತ್ತಾರೆ. ಕಳೆದ ಬೇಸಿಗೆಯಲ್ಲಿ ನಾನು ಹೋದಾಗ ಗ್ರೀಸ್ ಮೆತ್ತಿದ ಕೈ ಒರೆಸಿಕೊಳ್ಳುತ್ತಾ ಅವರು ಕೇಳಿದರು: "ಒಂದು ವಿಷಯ ತೀರ್ಮಾನ ಆಗ್ತಾ ಇಲ್ಲ ಮಾರಾಯ. ಇದನ್ನ ಯಾವ ವರ್ಷಕ್ಕೆ ವಾಪಸ್ ಒಯ್ಯಲಿ?"

ಮೇಲ್ನೋಟಕ್ಕೆ ಇದು ಗ್ಯಾರೇಜಿನ ಪ್ರಶ್ನೆ. ಆದರೆ ಊರಿಗೆ ಮರಳುವ ದಾರಿಯುದ್ದಕ್ಕೂ ಅದು ನನ್ನನ್ನು ಬಿಡಲಿಲ್ಲ.

ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಾರ್ಖಾನೆಗಳು 1941ರಿಂದ 1945ರ ನಡುವೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಸುಮಾರು 60 ಅಶ್ವಶಕ್ತಿ, ನಾಲ್ಕೂ ಚಕ್ರಗಳಿಗೆ ಎಳೆತ, ಆರು ವೋಲ್ಟಿನ ಬ್ಯಾಟರಿ, ಡ್ರೈವರ್ ಸೀಟಿನ ಕೆಳಗೇ ಪೆಟ್ರೋಲ್ ಟ್ಯಾಂಕು, ಎಡಗಡೆ ಸ್ಟೀರಿಂಗು. ಬರ್ಮಾದ ಕಾಡುಗಳಲ್ಲಿ ಇವು ಮದ್ದುಗುಂಡು ಹೊತ್ತವು, ಸ್ಟ್ರೆಚರ್ ಕಟ್ಟಿಕೊಂಡು ಗಾಯಾಳುಗಳನ್ನೂ ಹೊತ್ತವು. ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಜೀಪುಗಳು ಹರಾಜಾಗಿ ಊರೂರಿಗೆ ಹಂಚಿಹೋದವು. ಮಲೆನಾಡಿನ ಕಾಫಿ ತೋಟಗಳಿಗೆ, ಮರದ ವ್ಯಾಪಾರಿಗಳಿಗೆ ಇದಕ್ಕಿಂತ ಒಳ್ಳೆಯ ಗಾಡಿ ಆಗ ಇರಲಿಲ್ಲ.

ಗೆಳೆಯರ ಜೀಪೂ ಹಾಗೆ ಬಂದದ್ದೇ. ಡ್ಯಾಶ್‌ಬೋರ್ಡಿನ ತಗಡಿನ ಫಲಕದಲ್ಲಿ 1944 ಎಂದಿದೆ. ಮೊದಲು ಕೊಂಡ ತೋಟದವರು ಸ್ಟೀರಿಂಗನ್ನು ಬಲಕ್ಕೆ ಹಾಕಿಸಿದರು. ಆಮೇಲೆ ಒಬ್ಬ ಮರದ ವ್ಯಾಪಾರಿಯ ಕೈಯಲ್ಲಿತ್ತು. ಅವರಿಂದ ಗೆಳೆಯರ ತಂದೆ ಕೊಂಡರು. ಪೆಟ್ರೋಲ್ ದುಬಾರಿಯಾದಾಗ ಡೀಸೆಲ್ ಎಂಜಿನ್ ಕೂರಿಸಿದರು, ಹಿಂದೆ ಎರಡು ಉದ್ದನೆಯ ಬೆಂಚು ಹಾಕಿಸಿ ಬಾಡಿಗೆಗೆ ಓಡಿಸಿದರು. ಊರಿನವರಿಗೆ ಅವರು 'ಜೀಪ್ ಸಾಬರು'. ಮಳೆಗಾಲದ ರಾತ್ರಿಗಳಲ್ಲಿ ಹೆರಿಗೆ ನೋವು ಬಂದವರನ್ನು ತರೀಕೆರೆಗೋ ಭದ್ರಾವತಿಗೋ ಮುಟ್ಟಿಸಿದ ಗಾಡಿ ಅದು. ನನ್ನ ತಂಗಿ ಹುಟ್ಟುವ ಹಿಂದಿನ ರಾತ್ರಿ ನನ್ನ ಅಮ್ಮನೂ ಅದರಲ್ಲೇ ಹೋದದ್ದು. ಬಾಡಿಗೆ ಕೊಡಲು ಹೋದ ಅಪ್ಪನಿಗೆ ಸಾಬರು, "ಮೊದಲು ಮಗು ಮನೆಗೆ ಬರಲಿ" ಎಂದರಂತೆ.

ಈಗ ಬೆಂಗಳೂರಿನ ಒಬ್ಬರು ಈ ಜೀಪಿಗೆ ಒಳ್ಳೆಯ ಬೆಲೆ ಹೇಳಿದ್ದಾರೆ. ಒಂದೇ ಷರತ್ತು: ಗಾಡಿ 'ಒರಿಜಿನಲ್' ಆಗಬೇಕು. ಅಂದರೆ ಸ್ಟೀರಿಂಗ್ ಎಡಕ್ಕೆ ಹೋಗಬೇಕು, ಡೀಸೆಲ್ ಎಂಜಿನ್ ಇಳಿಯಬೇಕು, ಬೆಂಚುಗಳು ಗುಜರಿಗೆ, ಬಾನೆಟ್ಟಿನ ಮೇಲೆ ಬಿಳಿ ನಕ್ಷತ್ರ. ಗೆಳೆಯರ ಮಗನಿಗೂ ಅದೇ ಆಸೆ. ಜೊತೆಗೊಂದು ಡಮ್ಮಿ ಮೆಷಿನ್‌ಗನ್ ಇದ್ದರೆ ಇನ್ನೂ ಚೆನ್ನ ಎನ್ನುತ್ತಾನೆ. ಗೆಳೆಯರೇನೂ ಸ್ಥಿತಿವಂತರಲ್ಲ. ಆ ಹಣ ಬಂದರೆ ಮನೆಯ ಸಾಲ ತೀರುತ್ತದೆ.

ಹಾಗಾದರೆ ತಪ್ಪೇನು? ಒಂದು ವಸ್ತುವನ್ನು ಅದರ ಮೂಲ ಸ್ಥಿತಿಗೆ ತರುವುದು ಒಳ್ಳೆಯ ಕೆಲಸವಲ್ಲವೇ?

ಗ್ರೀಕರಲ್ಲಿ ಒಂದು ಹಳೆಯ ಚರ್ಚೆಯಿದೆ. ವೀರ ಥೀಸಿಯಸ್‌ನ ಹಡಗನ್ನು ಅಥೆನ್ಸಿನವರು ಕಾಪಾಡಿಕೊಂಡು ಬಂದರು. ಕೊಳೆತ ಹಲಗೆ ತೆಗೆದು ಹೊಸ ಹಲಗೆ ಜೋಡಿಸುತ್ತಾ ಹೋದರು. ಕೊನೆಗೆ ಅದು ಅದೇ ಹಡಗೋ ಬೇರೆಯದೋ ಎಂದು ತತ್ವಜ್ಞಾನಿಗಳು ವಾದಿಸಿದರೆಂದು ಪ್ಲುಟಾರ್ಕ್ ಬರೆದಿದ್ದಾನೆ. ನನಗೆ ಕಾಣುವ ಪ್ರಶ್ನೆ ಅದಕ್ಕಿಂತ ಸ್ವಲ್ಪ ಬೇರೆ. ಹಲಗೆ ಬದಲಿಸುವವರು ಹಡಗಿನ ಬದುಕನ್ನು ಮುಂದುವರಿಸುತ್ತಾರೆ. 'ಒರಿಜಿನಲ್' ಮಾಡುವವರು ಆ ಬದುಕಿನ ಒಂದು ಗಳಿಗೆಯನ್ನು ಆರಿಸಿ, ಇದೊಂದೇ ನಿಜ, ಉಳಿದದ್ದೆಲ್ಲ ಕೊಳೆ ಎಂದು ಒರೆಸಿಹಾಕುತ್ತಾರೆ. ಈ ಜೀಪು ಯುದ್ಧದ ಗಾಡಿಯಾಗಿದ್ದದ್ದು ಹೆಚ್ಚೆಂದರೆ ಒಂದೆರಡು ವರ್ಷ. ಊರಿನ ಗಾಡಿಯಾಗಿದ್ದದ್ದು ಅರ್ಧ ಶತಮಾನ. ಆ ಎರಡು ವರ್ಷ ಉಳಿಸಲು ಐವತ್ತು ವರ್ಷ ಅಳಿಸುವುದಕ್ಕೆ ಜೀರ್ಣೋದ್ಧಾರವೆನ್ನಬಹುದೇ?

ಕಾನೂನು ಕೂಡ ಇಲ್ಲಿ ಒಂದು ಪಕ್ಷ ವಹಿಸಿದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ತಂದಿತು. 50 ವರ್ಷ ದಾಟಿರಬೇಕು. ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಅಂದರೆ ಶೆಡ್ಡಿನಲ್ಲಿ ಮುಚ್ಚಿಟ್ಟ ಗಾಡಿಗೆ ವಿಂಟೇಜ್ ಎಂಬ ಮರ್ಯಾದೆ, ಜನರಿಗಾಗಿ ಸವೆದ ಗಾಡಿಗೆ ಇಲ್ಲ. ನಿಯಮಕ್ಕೆ ಅದರದೇ ಕಾರಣಗಳಿರಬಹುದು. ಆದರೆ ಬೆಲೆ ಯಾವುದಕ್ಕೆ ಎಂಬುದನ್ನು ನಾವು ನಿಯಮದಿಂದ ಕಲಿಯಬೇಕಾಗಿಲ್ಲ. ತಮಾಷೆಯೆಂದರೆ, ಮಗ ಬಯಸುವ ಆಲಿವ್ ಹಸಿರು ಬಣ್ಣವನ್ನು ಬಳಿಯಲು ಮೋಟಾರು ವಾಹನ ನಿಯಮವೇ ಬಿಡುವುದಿಲ್ಲ. ಅದು ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲು.

ಇಲ್ಲೊಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಹಾಗಾದರೆ ತುಕ್ಕನ್ನೂ ಬಿಡಬೇಕೇ? ಅದೂ ಇತಿಹಾಸವಲ್ಲವೇ? ಅಲ್ಲ. ತುಕ್ಕು ಬದುಕಿನ ಗುರುತಲ್ಲ, ಅಲಕ್ಷ್ಯದ ಗುರುತು. ಸವೆದ ಬ್ರೇಕನ್ನು ಹಳೆಯದೆಂಬ ಪ್ರೀತಿಯಿಂದ ಉಳಿಸಿಕೊಂಡರೆ ಅದು ಯಾರದೋ ಪ್ರಾಣಕ್ಕೆ ಎರವಾದೀತು. ಯಾವುದು ಗಾಡಿಯನ್ನು ತಿನ್ನುತ್ತಿದೆಯೋ ಅದು ಹೋಗಬೇಕು. ಯಾವುದನ್ನು ಗಾಡಿ ಬದುಕಿದೆಯೋ ಅದು ಉಳಿಯಬೇಕು. ಈ ಎರಡರ ನಡುವಣ ಗೆರೆ ಎಳೆಯುವುದೇ ರಿಪೇರಿ ಮಾಡುವವನ ವಿವೇಕ. ಇದುವರೆಗೂ ಯಾರೂ ಕೈಹಾಕದ ಜೀಪೊಂದು ಎಲ್ಲಾದರೂ ಸಿಕ್ಕಿದರೆ ಅದನ್ನು ಇದ್ದ ಹಾಗೇ ಕಾಪಾಡಬೇಕು. ಅದಕ್ಕೂ ಕಾರಣ ಇದೇ: ಅದರ ಬದುಕು ಹೇಗಿತ್ತೋ ಹಾಗೆ ಹೇಳುವುದು.

ಗೆಳೆಯರ ಜೀಪಿನ ಅರ್ಧ ಬಿಡಿಭಾಗಗಳು ಮಹೀಂದ್ರದವು. ಆ ಕಂಪೆನಿಯ ಕಥೆಯೂ ಇಲ್ಲಿ ನೆನಪಾಗುತ್ತದೆ. 1945ರಲ್ಲಿ ಆರಂಭವಾದಾಗ ಅದರ ಹೆಸರು 'ಮಹೀಂದ್ರ ಅಂಡ್ ಮೊಹಮ್ಮದ್'. ಮಹೀಂದ್ರ ಸಹೋದರರ ಜೊತೆ ಪಾಲುದಾರರಾಗಿದ್ದವರು ಮಲಿಕ್ ಗುಲಾಮ್ ಮುಹಮ್ಮದ್. ದೇಶ ವಿಭಜನೆಯಾಗಿ ಅವರು ಪಾಕಿಸ್ತಾನದ ಮೊದಲ ಹಣಕಾಸು ಸಚಿವರಾದರು. 1948ರಲ್ಲಿ ಕಂಪೆನಿ 'ಮಹೀಂದ್ರ ಅಂಡ್ ಮಹೀಂದ್ರ' ಆಯಿತು. ಇವುಗಳಲ್ಲಿ ಯಾವುದು 'ಒರಿಜಿನಲ್' ಹೆಸರು? ಹಳೆಯ ಹೆಸರನ್ನು ಮತ್ತೆ ಬರೆಸಬೇಕೆಂದು ಯಾರೂ ಕೇಳುವುದಿಲ್ಲ. ಆದರೆ ಅದು ಇತ್ತು ಎಂಬುದನ್ನು ಮರೆಯದಿರುವುದು ನಮ್ಮ ಮೇಲಿನ ಋಣ.

ಊರು, ನಾಡು, ದೇಶಗಳನ್ನು 'ಮೂಲಕ್ಕೆ' ಮರಳಿಸುವ ಮಾತು ನಮ್ಮ ಸುತ್ತ ಬಹಳ ಕೇಳಿಬರುತ್ತದೆ. ಹಾಗೆನ್ನುವ ಪ್ರತಿಯೊಬ್ಬರೂ ತಮಗೆ ಒಪ್ಪುವ ಒಂದು ವರ್ಷವನ್ನು ಮೊದಲೇ ಆರಿಸಿಕೊಂಡಿರುತ್ತಾರೆ. ಆ ವರ್ಷದ ನಂತರ ಬಂದವರು, ದುಡಿದವರು, ಅಲ್ಲೇ ಮಣ್ಣಾದವರು ಎಲ್ಲರೂ ಅವರ ಕಣ್ಣಿಗೆ ಕೆರೆದು ತೆಗೆಯಬೇಕಾದ ಬಣ್ಣ. ಲಕ್ಕವಳ್ಳಿಯ ಅಣೆಕಟ್ಟನ್ನೇ ನೋಡಿ. 186 ಅಡಿಯ ಆ ನೀರಿನಡಿ ಮುಳುಗಿದ ನೆಲವಿದೆ, ಅದರ ನೋವೂ ಇದೆ. ಇವತ್ತು ಅದೇ ನೀರಿನಿಂದ ಭದ್ರೆಯ ಬಯಲಿನ ಗದ್ದೆಗಳು ಹಸಿರಾಗಿವೆ. ಬೇಸಿಗೆಯಲ್ಲಿ ನೀರಿಳಿದಾಗ ತಲೆಯೆತ್ತುವ ನಡುಗಡ್ಡೆಗಳಲ್ಲಿ ರೀವ ಹಕ್ಕಿಗಳು ಮೊಟ್ಟೆಯಿಡುತ್ತವೆ. ಮುಳುಗಿದ್ದನ್ನು ಮರೆಯುವುದು ಅನ್ಯಾಯ. ಆಮೇಲೆ ಚಿಗುರಿದ್ದನ್ನು ಇಲ್ಲವೆನ್ನುವುದೂ ಅನ್ಯಾಯವೇ.

ಮೊನ್ನೆ ಫೋನ್ ಮಾಡಿದಾಗ ಗೆಳೆಯರು ತಮ್ಮ ತೀರ್ಮಾನ ತಿಳಿಸಿದರು. ಬ್ರೇಕು, ವೈರಿಂಗು, ಕೊಳೆತ ತಗಡು ಹೊಸದು. ಸ್ಟೀರಿಂಗು ಬಲಕ್ಕೇ, ಡೀಸೆಲ್ ಎಂಜಿನ್ನೇ, ಬೆಂಚುಗಳೂ ಅಲ್ಲೇ. ಬಣ್ಣ ಅವರ ತಂದೆ ಕೊನೆಗೆ ಬಳಿಸಿದ್ದ ಬೂದು. ಮಡ್‌ಗಾರ್ಡಿನ ಒಳಮೈಯಲ್ಲಿ ಮಾತ್ರ ಅಂಗೈಯಗಲ ಜಾಗಕ್ಕೆ ಬಣ್ಣ ಹೊಡೆದಿಲ್ಲ. ಅಲ್ಲಿ ಬೂದು, ಅದರಡಿ ತೋಟದವರ ನೀಲಿ, ಅದರಡಿ ಮಿಲಿಟರಿಯ ಹಸಿರು, ಮೂರೂ ಕಾಣುತ್ತವೆ.

"ಬೆಂಗಳೂರಿನವರು?" ಎಂದೆ.

"ಬೇಡ ಅಂದ್ರು. ಸಾಲ ಇನ್ನೊಂದು ನಾಲ್ಕು ವರ್ಷ ಕಟ್ಟೋದು. ಮಗನಿಗೆ ನನ್ನ ಮೇಲೆ ಸಿಟ್ಟು ಇನ್ನೂ ಇಳಿದಿಲ್ಲ," ಎಂದರು. ಸ್ವಲ್ಪ ತಡೆದು, "ಬಾ ಒಂದ್ಸಲ. ನಿನ್ನ ತಂಗೀನೂ ಕರ್ಕೊಂಡು ಬಾ," ಎಂದರು.