ಶುಚಿತ್ವ ಯಾರ ಮೆಚ್ಚುಗೆಗಾಗಿ?

ಶುಚಿತ್ವವು ಈಮಾನಿನ ಅರ್ಧಾಂಶವೆಂದು ಪ್ರವಾದಿವರ್ಯರು(ಸ) ಕಲಿಸಿರುವುದನ್ನು ಅರಿಯದ ಮುಸ್ಲಿಮ್ ಮನೆ ಬಹುಶಃ ಇರಲಾರದು. ಮದ್ರಸದ ಒಂದನೆಯ ತರಗತಿಯ ಮಗುವೂ ಅದನ್ನು ಕಂಠಪಾಠ ಒಪ್ಪಿಸುತ್ತದೆ. ನಾನೂ ವರ್ಷಗಳಿಂದ ಮಕ್ಕಳಿಗೆ ಅದನ್ನೇ ಕಲಿಸುತ್ತ ಬಂದವನು. ಆದರೆ ಈ ಅರ್ಧಾಂಶದ ಭಾರವು ನನ್ನ ಮನೆಯಲ್ಲಿ ಯಾರ ಬೆನ್ನಿನ ಮೇಲಿದೆ, ಯಾರ ಮೆಚ್ಚುಗೆಗಾಗಿ ಅದನ್ನು ಹೊರಲಾಗುತ್ತಿದೆ ಎಂದು ನನ್ನನ್ನು ನಾನೇ ಕೇಳಿಕೊಳ್ಳಲು ಒಂದು ಆಘಾತವೇ ಬೇಕಾಯಿತು.

2022ರ ಶಅಬಾನ್ ತಿಂಗಳ ಕೊನೆಯ ದಿನಗಳು. ರಮಝಾನಿಗೆ ಮುಂಚೆ ಮನೆಯನ್ನು ಅಡಿಯಿಂದ ಮುಡಿಯವರೆಗೆ ಶುಚಿಗೊಳಿಸುವ ರೂಢಿ ನಮ್ಮ ಕರಾವಳಿಯ ಮನೆಗಳಲ್ಲಿದೆ. ಅಂದು ನನ್ನ ಪತ್ನಿ ಸುಬ್‌ಹ್ ನಮಾಝ್ ಮುಗಿಸಿದವಳೇ ಕೆಲಸಕ್ಕಿಳಿದಿದ್ದಳು. ಜೇಡನ ಬಲೆ, ಫ್ಯಾನು, ಕಿಟಕಿ, ಅಟ್ಟದ ಪಾತ್ರೆಗಳು ಎಲ್ಲವೂ ಆದ ಮೇಲೆ ಅಸರ್ ಹೊತ್ತಿಗೆ ಬಚ್ಚಲುಮನೆಯ ಸರದಿ ಬಂತು. ನೆಲಕ್ಕೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದರೂ ಕಲೆ ಹೋಗದಿದ್ದಾಗ, ಬೇಗ ಮುಗಿಯಲೆಂದು ಅದರ ಮೇಲೆಯೇ ಆಸಿಡ್ ಸುರಿದಳು. ಇವೆರಡೂ ಬೆರೆತರೆ ಕ್ಲೋರಿನ್ ಎಂಬ ವಿಷಾನಿಲ ಹೊರಡುತ್ತದೆಂದು ಅವಳಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಪಕ್ಕದ ಕೋಣೆಯಲ್ಲಿ ಪ್ರವಚನಕ್ಕೆ ಟಿಪ್ಪಣಿ ಬರೆಯುತ್ತಿದ್ದ ನಾನು ಕೆಮ್ಮಿನ ಸದ್ದು ಕೇಳಿ ಓಡಿದಾಗ ಅವಳು ಗೋಡೆ ಹಿಡಿದು ಕುಳಿತಿದ್ದಳು. ಅಂಗಳಕ್ಕೆ ಕರೆತಂದು, ವೈದ್ಯರ ಬಳಿಗೆ ಕರೆದೊಯ್ದೆವು. ಅಲ್ಲಾಹನ ಕೃಪೆಯಿಂದ ಎರಡು ದಿನಗಳಲ್ಲಿ ಚೇತರಿಸಿಕೊಂಡಳು.

ಅಂದು ರಾತ್ರಿ, "ಒಂದೇ ದಿನದಲ್ಲಿ ಇಷ್ಟೆಲ್ಲ ಯಾಕೆ ಹಚ್ಚಿಕೊಂಡೆ?" ಎಂದು ಕೇಳಿದೆ. "ನಾಳೆ ನಿಮ್ಮ ಅಕ್ಕಂದಿರು ಬರ್ತಾರಲ್ಲ. ಮನೆ ನೋಡಿ ಏನೆಂದುಕೊಂಡಾರು?" ಎಂದಳು. ತುಸು ತಡೆದು, "ನೀವು ಒಂದು ಬಕೆಟ್ ನೀರಾದರೂ ಎತ್ತಿ ಕೊಡಬಹುದಿತ್ತು" ಎಂದಳು. ಇದಕ್ಕೆ ನಾನು ಓದಿದ ಯಾವ ಕಿತಾಬಿನಿಂದಲೂ ಉತ್ತರ ಕೊಡಲಾಗಲಿಲ್ಲ.

ಅತಿಥಿಯನ್ನು ಗೌರವಿಸುವುದು ಸತ್ಯವಿಶ್ವಾಸಿಯ ಲಕ್ಷಣವೇ. ಬರುವವರಿಗಾಗಿ ಮನೆಯನ್ನು ಚೊಕ್ಕಟವಾಗಿಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅತಿಥಿಯ ಮೇಲಿನ ಪ್ರೀತಿ ಬೇರೆ, ಅತಿಥಿಯ ನಾಲಗೆಯ ಭಯ ಬೇರೆ. ಕರ್ಮಗಳ ಪ್ರತಿಫಲವು ಸಂಕಲ್ಪವನ್ನು ಅವಲಂಬಿಸಿದೆಯೆಂದು ನಾವು ನಂಬಿದವರು. ಜನರ ಮೆಚ್ಚುಗೆಗಾಗಿ ಮಾಡಿದ ನಮಾಝಿನಲ್ಲೂ ಪುಣ್ಯವಿಲ್ಲವೆಂದಾದರೆ, ಜನರ ಮಾತಿಗೆ ಹೆದರಿ ಉಜ್ಜಿದ ನೆಲದಿಂದ ಸಿಗುವುದು ಸೊಂಟನೋವಲ್ಲದೆ ಮತ್ತೇನು?

ಇಲ್ಲಿ ಶರೀಅತ್ ತೋರಿಸುವ ಒಂದು ವ್ಯತ್ಯಾಸವನ್ನು ನಾವು ಮರೆತಿದ್ದೇವೆ. ನಜಸ್ ಬೇರೆ, ಅಸ್ತವ್ಯಸ್ತ ಬೇರೆ. ನಮಾಝ್ ನಿರ್ವಹಿಸುವ ಸ್ಥಳ, ಉಡುವ ಬಟ್ಟೆ, ನಮ್ಮ ಶರೀರ ಇವು ನಜಸಿನಿಂದ ಮುಕ್ತವಾಗಿರಲೇಬೇಕು. ಆದರೆ ಮಗು ಹರಡಿದ ಆಟಿಕೆಯಾಗಲಿ, ಮಡಚದೆ ಬಿದ್ದ ಬಟ್ಟೆಯಾಗಲಿ ನಜಸಲ್ಲ. ಧೂಳು ಕೂಡ ನಜಸಲ್ಲ. ನೀರು ಸಿಗದಾಗ ತಯಮ್ಮುಮ್ ಮಾಡಲು ಅಲ್ಲಾಹನು ಶುದ್ಧ ಮಣ್ಣನ್ನೇ ತೋರಿಸಿಕೊಟ್ಟಿದ್ದಾನಲ್ಲವೇ? ಎಳೆ ಮಕ್ಕಳ ತಾಯಿಯೊಬ್ಬಳು ಮನೆ ಮಿರಿಮಿರಿ ಮಿಂಚುತ್ತಿಲ್ಲವೆಂದು ತನ್ನನ್ನು ತಾನು ಅಪರಾಧಿಯೆಂದು ಬಗೆಯಬೇಕಾಗಿಲ್ಲ. ಯಾರ ಮೇಲೂ ಅಲ್ಲಾಹನು ಅವರ ಸಾಮರ್ಥ್ಯಕ್ಕೆ ಮೀರಿದ ಹೊಣೆ ಹೊರಿಸುವುದಿಲ್ಲ, ಹೊರಿಸುವವರು ನಾವೇ.

ಹಾಗಾದರೆ ಕಸವನ್ನು ಬಿದ್ದಲ್ಲೇ ಬಿಡೋಣವೇ? ಖಂಡಿತ ಅಲ್ಲ. ಕರ್ಮಗಳ ಪೈಕಿ ಅಲ್ಲಾಹನಿಗೆ ಹೆಚ್ಚು ಪ್ರಿಯವಾದುದು, ಅಲ್ಪವಾಗಿದ್ದರೂ ನಿರಂತರವಾಗಿ ಮಾಡುವಂಥದು ಎಂಬುದು ಪ್ರವಾದಿವರ್ಯರ(ಸ) ಬೋಧನೆ. ಇದನ್ನು ನಾವು ನಫಿಲ್ ನಮಾಝಿಗೆ ಅನ್ವಯಿಸುತ್ತೇವೆ, ಕುರ್‌ಆನ್ ಪಾರಾಯಣಕ್ಕೆ ಅನ್ವಯಿಸುತ್ತೇವೆ. ಹಿಡಿಸೂಡಿಗೆ ಏಕೆ ಅನ್ವಯಿಸುವುದಿಲ್ಲ? ವರ್ಷಕ್ಕೊಮ್ಮೆ ಒಂದೇ ದಿನ ಮಾಡುವ ಮಹಾಶುಚಿಗಿಂತ ದಿನವೂ ಮಾಡುವ ಅರ್ಧ ಗಂಟೆಯ ಕೆಲಸವೇ ಮೇಲು. ಅದು ದೇಹಕ್ಕೂ ಹಗುರ, ಮನೆಗೂ ಹಿತ.

ಇನ್ನು ಈ ಕೆಲಸ ಯಾರದು? "ದುಡಿದು ತರುವವನು ನಾನು, ಮನೆ ನೋಡಿಕೊಳ್ಳುವವಳು ಅವಳು" ಎಂಬುದು ನಮ್ಮಲ್ಲಿ ಅನೇಕರ ವಾದ. ನನ್ನದೂ ಅದೇ ಆಗಿತ್ತು. ಆದರೆ ಪ್ರವಾದಿವರ್ಯರು(ಸ) ಮನೆಯೊಳಗೆ ಏನು ಮಾಡುತ್ತಿದ್ದರೆಂದು ಕೇಳಿದಾಗ ಹ. ಆಯಿಶಾ(ರ) ಕೊಟ್ಟ ಉತ್ತರವು ಬುಖಾರಿಯಲ್ಲಿ ದಾಖಲಾಗಿದೆ: ಅವರು ಮನೆಯವರ ಸೇವೆಯಲ್ಲಿ ನಿರತರಾಗಿರುತ್ತಿದ್ದರು, ನಮಾಝಿನ ವೇಳೆಯಾದಾಗ ಹೊರಡುತ್ತಿದ್ದರು. ಒಂದು ಸಮುದಾಯದ ನಾಯಕತ್ವ ಹೊತ್ತವರಿಗೆ ಇದಕ್ಕೆ ಬಿಡುವಿತ್ತು. ಮದ್ರಸದ ಒಬ್ಬ ಮೇಷ್ಟ್ರಿಗೆ ಬಿಡುವಿಲ್ಲವೆಂದರೆ ನಂಬುವವರು ಯಾರು? ಮದೀನಾದ ಮಸೀದಿಯ ಕಸ ಗುಡಿಸುತ್ತಿದ್ದ ಒಬ್ಬ ಮಹಿಳೆ ತೀರಿಕೊಂಡಾಗ, ಅದೇನು ದೊಡ್ಡ ವಿಷಯವೆಂಬಂತೆ ಸಹಾಬಿಗಳು ಪ್ರವಾದಿವರ್ಯರಿಗೆ(ಸ) ತಿಳಿಸದೆ ದಫನ ಮಾಡಿದ್ದರು. ವಿಷಯ ತಿಳಿದ ಅವರು ಆಕೆಯ ಗೋರಿಯನ್ನು ತೋರಿಸಲು ಹೇಳಿ, ಅಲ್ಲಿಗೆ ಹೋಗಿ ನಮಾಝ್ ನಿರ್ವಹಿಸಿದರು. ಗುಡಿಸುವ ಕೈಯನ್ನು ಕೀಳಾಗಿ ಕಾಣುವವರಿಗೆ ಇದಕ್ಕಿಂತ ದೊಡ್ಡ ಪಾಠ ಬೇಕೆ?

ಆ ರಮಝಾನಿನಲ್ಲೇ ನಾವು ಮನೆಯಲ್ಲಿ ಕುಳಿತು ಒಂದು ಕ್ರಮ ಮಾಡಿಕೊಂಡೆವು. ನಮಾಝಿನ ವೇಳೆಗಳೇ ಅದಕ್ಕೆ ಗಡಿಯಾರ. ಸುಬ್‌ಹ್ ಬಳಿಕ ಹದಿನೈದು ನಿಮಿಷ: ಕಿಟಕಿ ತೆರೆಯುವುದು, ಅವರವರ ಹಾಸಿಗೆ ಅವರವರೇ ಮಡಚುವುದು, ಕೋಣೆಗಳನ್ನು ಗುಡಿಸುವುದು. ಅಸರ್ ಬಳಿಕ ಹತ್ತು ನಿಮಿಷ: ಅಂಗಳ ಗುಡಿಸಿ, ಒಣಗಿದ ಬಟ್ಟೆ ಒಳಗೆ ತಂದು ಮಡಚುವುದು. ಇಶಾ ಬಳಿಕ ಇಪ್ಪತ್ತು ನಿಮಿಷ: ಪಾತ್ರೆ ತೊಳೆದು, ಒಲೆ ಒರೆಸಿ, ಕಸ ಹೊರಗಿಡುವುದು. ಮಲಗುವ ಮುನ್ನ ಪಾತ್ರೆಗಳನ್ನು ಮುಚ್ಚಿಡುವುದು ಸುನ್ನತ್ ತಾನೇ? ಈ ಇಶಾ ಪಾಳಿ ನನ್ನದು.

ದೊಡ್ಡ ಕೆಲಸವನ್ನು ದಿನಕ್ಕೆ ಒಂದರಂತೆ ಹಂಚಿದ್ದೇವೆ. ಶನಿವಾರ ಫ್ಯಾನು, ಜೇಡನ ಬಲೆ. ಭಾನುವಾರ ಬಚ್ಚಲುಮನೆ, ಅದು ನನಗೆ. ಸೋಮವಾರ ದಿನಸಿ ಡಬ್ಬಗಳು, ಮಂಗಳವಾರ ಹೊದಿಕೆಗಳು. ಬುಧವಾರ ಹೂಕುಂಡದ ತಟ್ಟೆ, ಡ್ರಮ್ಮು, ಚಿಪ್ಪುಗಳಲ್ಲಿ ನಿಂತ ನೀರು ಚೆಲ್ಲುವುದು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ಸುಮಾರು 7ರಿಂದ 10 ದಿನ ಸಾಕು. ಆದ್ದರಿಂದ ಈ ಕೆಲಸ ವಾರ ತಪ್ಪುವಂತಿಲ್ಲ. ಗುರುವಾರ ಮುಸಲ್ಲಾ ಮತ್ತು ಜುಮಾದ ಬಟ್ಟೆ. ಶುಕ್ರವಾರ ಯಾವ ದೊಡ್ಡ ಕೆಲಸವೂ ಇಲ್ಲ.

ಮತ್ತೊಂದು ನಿಯಮವೂ ಇದೆ. ಜ್ವರವೋ ನೆಂಟರೋ ಬಂದು ಒಂದು ದಿನದ ಕೆಲಸ ತಪ್ಪಿದರೆ ಅದನ್ನು ಮರುದಿನದ ಕೆಲಸಕ್ಕೆ ಸೇರಿಸುವುದಿಲ್ಲ. ತಪ್ಪಿದ ಫರ್ಝ್ ನಮಾಝಿಗೆ ಖಝಾ ಇದೆ, ತಪ್ಪಿದ ಫ್ಯಾನಿಗೆ ಖಝಾ ಇಲ್ಲ! ನಿಂತ ನೀರೊಂದೇ ಇದಕ್ಕೆ ಅಪವಾದ.

ಮಗಳಿಗೆ ಹೇಳುವ ಕೆಲಸವನ್ನು ಮಗನಿಗೂ ಹೇಳುತ್ತೇವೆ. ಏಳು ವರ್ಷಕ್ಕೆ ನಮಾಝ್ ಕಲಿಸಬೇಕಾದ ಮಗನಿಗೆ ತಾನು ಉಂಡ ಬಟ್ಟಲನ್ನು ತೊಳೆಯಲು ಕಲಿಸದಿದ್ದರೆ, ನಾಳೆ ಇನ್ನೊಂದು ಮನೆಯ ಹೆಣ್ಣುಮಗಳ ಮೇಲೆ ನಾವೇ ಭಾರ ಹೊರಿಸಿದಂತೆ.

ಈಗ ನಮ್ಮ ಮನೆ ಸದಾ ಹೊಳೆಯುತ್ತಿದೆಯೆಂದು ನಾನು ಹೇಳಲಾರೆ. ಮಳೆಗಾಲದಲ್ಲಿ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಮಕ್ಕಳು ಕೆಮ್ಮಣ್ಣು ತುಳಿದು ಬರುತ್ತಾರೆ. ಎಷ್ಟೋ ರಾತ್ರಿ ನನ್ನ ಪಾಳಿಯನ್ನು ತಪ್ಪಿಸಲು ನಾನು ನೆಪ ಹುಡುಕುವುದೂ ಉಂಟು. ಆದರೆ ಕಳೆದ ಶಅಬಾನಿನಲ್ಲಿ ಅಕ್ಕಂದಿರು ಬಂದಾಗ ನನ್ನ ಪತ್ನಿ ಬಾಗಿಲಲ್ಲಿ ನಿಂತು ನಗುತ್ತ ಅವರನ್ನು ಸ್ವಾಗತಿಸಿದಳು. ಮೂಲೆಯಲ್ಲೊಂದು ಬಟ್ಟೆಯ ರಾಶಿ ಹಾಗೆಯೇ ಇತ್ತು. ಅಕ್ಕಂದಿರು ಮಾತನಾಡುತ್ತಲೇ ಅದನ್ನು ಮಡಚಲು ಕುಳಿತರು.

ನಮ್ಮ ಮನೆಗಳನ್ನು ಶುಚಿಯಾಗಿಡುವ ಭಾಗ್ಯವನ್ನೂ, ಆ ಶ್ರಮವನ್ನು ಹಂಚಿಕೊಳ್ಳುವ ಮನಸ್ಸನ್ನೂ ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.